ಬೆಲ್ಲ ತಿಂದು ನೀರು ಬಿಟ್ಟವಳು

ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಅನ್ನುತ್ತಾರೆ. ಸರಿ, ಆಡುವುದಿಲ್ಲ. ಆದರೆ ಸತ್ತವಳ ಫೋಟೋ ತಂದು ನಮ್ಮ ಬಾವಿಕಟ್ಟೆಯ ಮೇಲೆ ಇಡುತ್ತೇವೆ ಅಂದರೆ ಸುಮ್ಮನಿರುವುದು ಹೇಗೆ? ಊರಲ್ಲಿ ಬೇರೆ ಜಾಗವೇ ಇಲ್ಲವೆ? ಆಕೆ ಇಷ್ಟು ವರ್ಷ ಕೂತೆದ್ದ ಆರೋಗ್ಯ ಉಪಕೇಂದ್ರದ ಗೋಡೆ ಇದೆ, ಡೇರಿ ಇದೆ, ಶಾಲೆ ಇದೆ. ಇವರ ಕಣ್ಣಿಗೆ ಬಿದ್ದದ್ದು ನಮ್ಮ ಬಾವಿಯೇ.

ನರ್ಸಮ್ಮ ಹೋದ ಸುದ್ದಿ ಬಂದದ್ದು ಬೆಳಗ್ಗೆ ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ. ನಿವೃತ್ತಿಯಾದ ಮೇಲೆ ಮಂಡ್ಯದಲ್ಲಿ ತಂಗಿಯ ಮನೆಯ ಪಕ್ಕದಲ್ಲೇ ಒಂದು ಮನೆ ಹಿಡಿದಿದ್ದಳು. ಎದೆ ಹಿಡಿದುಕೊಂಡಿತು ಅಂದಳಂತೆ, ಆಟೋ ಹತ್ತುವಷ್ಟರಲ್ಲಿ ಮುಗಿದೇ ಹೋಯಿತಂತೆ. ನನ್ನ ಸೊಸೆ ಹಾಲಿನ ಕ್ಯಾನನ್ನು ಡೇರಿ ಜಗಲಿಯ ಮೇಲೆ ಕುಕ್ಕಿ ಗೊಳೋ ಅಂತ ಅತ್ತಳು. ಹೋದ ವರ್ಷ ನನಗೆ ಕಣ್ಣಿನ ಆಪರೇಷನ್ ಆದಾಗ ಇದೇ ಸೊಸೆಯ ಕಣ್ಣಲ್ಲಿ ಒಂದು ಹನಿ ನೀರು ನೋಡಿದ ನೆನಪು ನನಗಿಲ್ಲ.

ತಿಥಿ ಮುಗಿದ ಮೇಲೆ ನಮ್ಮ ಬೀದಿಯ ಹೆಂಗಸರ ಸಂಘದವರೆಲ್ಲ ಮನೆಗೆ ಬಂದರು. ಸೊಸೆ ಎಲ್ಲರ ಹಿಂದೆ ಕಂಬಕ್ಕೆ ಆತು ನಿಂತಿದ್ದಳು. ಕಿತಾಪತಿ ಅವಳದೇ ಅಂತ ಆಗಲೇ ಗೊತ್ತಾಯಿತು.

“ಅಕ್ಕಾರೆ, ನರ್ಸಮ್ಮನ ಫೋಟೋ ದೊಡ್ಡದು ಮಾಡುಸ್ತಾ ಇದ್ದೀವಿ. ನಿಮ್ಮ ಬಾವಿಕಟ್ಟೆ ಮ್ಯಾಲೆ ವಸಿ ಜಾಗ ಕೊಡ್ಬೇಕು. ಫೋಟೋ ಕೆಳಗೆ ಬರ್ಸಾಕೆ ನಾಕು ಸಾಲೂ ನೀವೇ ಬರ್ಕೊಡಿ. ನಿಮ್ಮಂಗೆ ಓದ್ದೋರು ಈ ಬೀದೀಲಿ ಇನ್ಯಾರವ್ರೆ?”

ಓದಿದವಳು ಹೌದು. ಹೊಳಲಿನ ಹುಡುಗಿ ನಾನು, ದಿನಾ ಬಸ್ಸಿನಲ್ಲಿ ಮಂಡ್ಯಕ್ಕೆ ಹೋಗಿ ಪಿಯುಸಿ ಮುಗಿಸಿದವಳು. ಮಳವಳ್ಳಿ ಕಡೆಯ ಈ ಊರಿಗೆ ಸೊಸೆಯಾಗಿ ಬಂದಾಗ ಹೆಂಗಸರಿಗೆಲ್ಲ ಕಾಗದ ಓದಿ ಹೇಳುತ್ತಿದ್ದವಳು ನಾನೇ. “ನೋಡಾನ ಬುಡಿ” ಅಂದು ಅವರನ್ನು ಕಳಿಸಿದೆ. ಒಳಗೆ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಅನ್ನಿ. ಅನ್ನಿ, ನನಗೇನೂ ನಾಚಿಕೆಯಿಲ್ಲ. ಆ ಹೆಂಗಸು ನಾಲ್ಕು ಸಾಲಿಗೆ ಸಿಗುವವಳಲ್ಲ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ನಮ್ಮ ಬಾವಿಯ ವಿಷಯ ಹೇಳಬೇಕು. ಅದನ್ನು ಹೇಳದೆ ಆಕೆಯ ಮೇಲೆ ನನಗಿದ್ದ ಉರಿ ಯಾರಿಗೂ ಅರ್ಥವಾಗುವುದಿಲ್ಲ. ನಮ್ಮೂರಲ್ಲಿ ಬೋರು ಎಲ್ಲಿ ಕೊರೆಸಿದರೂ ಗಡಸು ನೀರು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಪಾತ್ರೆಯ ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟುತ್ತದೆ. ನಮ್ಮ ಮನೆ ಮುಂದಿನ ಕಲ್ಲುಕಟ್ಟಡದ ಬಾವಿಯೊಂದೇ ಸಿಹಿ. ಆ ನೀರಿನಲ್ಲಿ ತೊಗರಿಬೇಳೆ ಬೆಣ್ಣೆಯ ಹಾಗೆ ಬೇಯುತ್ತಿತ್ತು. ನಾಲೆಗೆ ನೀರು ಬಿಟ್ಟರೆ ಸಾಕು, ಬಾವಿ ತಾನಾಗಿ ಮೇಲಕ್ಕೆ ಬರುತ್ತಿತ್ತು, ಹಗ್ಗದ ಹಂಗಿಲ್ಲದೆ ಬಗ್ಗಿ ಬಿಂದಿಗೆ ಅದ್ದುವಷ್ಟು. “ಗಂಗಮ್ಮ ನಮ್ ಬಾಗ್ಲಿಗೇ ಬಂದವ್ಳೆ” ಅಂತ ನಮ್ಮತ್ತೆ ಕಟ್ಟೆಗೆ ಅರಿಸಿನ ಕುಂಕುಮ ಇಡುತ್ತಿದ್ದರು.

ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ ಅನ್ನುವ ಮಾತಿದೆಯಲ್ಲ, ನಮ್ಮೂರಲ್ಲಿ ನೀರು ಅಂದರೆ ನಮ್ಮ ಬಾವಿ. ನಮ್ಮ ಮೇಲೆ ಕೋರ್ಟಿಗೆ ಹೋದವರ ಹೆಂಡತಿಯೂ ನಮ್ಮ ಕಟ್ಟೆಗೇ ಬರಬೇಕು. ಯಾರು ಬಸುರಿ, ಯಾರ ಗಂಡ ಕುಡಿದು ಬಂದ, ಯಾರ ಮನೆಗೆ ಹೆಣ್ಣು ನೋಡಲು ಬಂದಿದ್ದರು, ಎಲ್ಲವೂ ಮೊದಲು ನನ್ನ ಕಿವಿಗೆ. ಬಾಣಂತಿಯರು ಕೋಣೆಯಿಂದ ಹೊರಗೆ ಬಂದು ಗಂಗೆಪೂಜೆ ಮಾಡುತ್ತಿದ್ದದ್ದೂ ಇಲ್ಲೇ. ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾವಿಗೆ ಅರಿಸಿನ ಕುಂಕುಮ ಏರಿಸಿ, ಹೂ ಹಾಕಿ, ಮೊದಲ ಬಿಂದಿಗೆ ಸೇದಿ, ಮೊದಲ ತಾಂಬೂಲ ನಮ್ಮತ್ತೆಗೆ ಕೊಡುತ್ತಿದ್ದರು. ಅತ್ತೆ ಹೋದ ಮೇಲೆ ಅದು ನನಗೆ ಬಂತು. ನನಗೆ ಒಡವೆಗಿಂತ ಹೆಚ್ಚಿನದು ಆ ವೀಳ್ಯದೆಲೆ.

ಅಂಥ ಬಾವಿಯ ಮುಂದೆ ಒಂದು ದಿನ ಬಂದು ಸ್ಕೂಟರು ನಿಲ್ಲಿಸಿದಳು ಈ ಹೊಸ ನರ್ಸಮ್ಮ. ದಪ್ಪ ಹೆಂಗಸು. ಗರಿಗರಿ ಇಸ್ತ್ರಿ ಸೀರೆ, ಮುಡಿತುಂಬ ಕನಕಾಂಬರ, ಬೀದಿಯ ಆ ತುದಿಗೆ ಕೇಳುವ ಗಂಟಲು. ಶಿವನಸಮುದ್ರದಲ್ಲಿ ಹುಟ್ಟಿ ಬೆಳೆದವಳು, ಅಪ್ಪ ಅಲ್ಲಿನ ಕರೆಂಟಿನ ಮನೆಯಲ್ಲಿ ಕೆಲಸಕ್ಕಿದ್ದವರು. “ನಮ್ಮಪ್ಪ ಊರ್ಗೆಲ್ಲ ಕರೆಂಟು ಕೊಟ್ಟೋರು, ನಾನು ಊರ್ಗೆಲ್ಲ ಸೂಜಿ ಚುಚ್ಚೋಳು” ಅಂತ ಪರಿಚಯ ಹೇಳಿಕೊಂಡು ತಾನೇ ಮೊದಲು ನಕ್ಕಳು. ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಪದ್ಧತಿ. ತಟ್ಟೆಯಲ್ಲಿ ಬೆಲ್ಲದ ತುಂಡು, ಹುಣಸೆಹಣ್ಣಲ್ಲಿ ಬೆಳಗಿದ ಚೊಂಬಿನ ತುಂಬ ಬಾವಿ ನೀರು ತಂದಿಟ್ಟೆ.

ಬೆಲ್ಲ ಬಾಯಿಗೆ ಹಾಕಿಕೊಂಡಳು. “ಆಹಾ, ಯಾವ ಆಲೆಮನೇದಕ್ಕ ಇದು?” ಅಂದಳು. ಚೊಂಬು ಎತ್ತಿ ಒಳಗೆ ಇಣುಕಿ ನೋಡಿದಳು.

“ಕಾಯ್ಸಿದ್ದೀರಾ ಅಕ್ಕ?”

“ನಮ್ ಬಾವಿ ನೀರ ಯಾರೂ ಕಾಯ್ಸಲ್ಲ ಕಣಮ್ಮ. ಕಾಯ್ಸುದ್ರೆ ರುಚಿ ಓಯ್ತದೆ.”

“ಅಂಗಾದ್ರೆ ಬ್ಯಾಡ ಬುಡಿ” ಅಂದು ಚೊಂಬನ್ನು ತಟ್ಟೆಯಲ್ಲೇ ಇಟ್ಟಳು. ಸಿಟ್ಟಿಲ್ಲ, ಸೆಡವಿಲ್ಲ, ಇನ್ನೊಂದು ತುಂಡು ಬೆಲ್ಲ ಕೇಳಿ ತಿಂದಳು.

ಸಂಜೆಯೊಳಗೆ ಊರೆಲ್ಲ ಅದೇ ಮಾತು. ದೊಡ್ಡಮನೆಯಲ್ಲಿ ಬೆಲ್ಲ ತಿಂದು ನೀರು ಬಿಟ್ಟಳಂತೆ! ಬಾಗಿಲಿಗೆ ಬಂದ ಭಿಕ್ಷುಕನೂ ನಮ್ಮ ನೀರು ಬೇಡ ಅಂದಿರಲಿಲ್ಲ. ಅವತ್ತು ಹತ್ತಿದ ಉರಿ ನನಗೆ.

ಆಕೆಯನ್ನು ಎಲ್ಲರೂ ಯಾಕೆ ಹಚ್ಚಿಕೊಂಡರು ಅಂತ ನನಗೆ ತುಂಬ ದಿನ ತಿಳಿಯಲಿಲ್ಲ. ಬೈಯುತ್ತಿದ್ದಳು, ಸಣ್ಣಪುಟ್ಟ ಬೈಗಳಲ್ಲ. ಯಾರ ಮನೆಗೆ ಹೋದರೂ ನೇರ ಅಡುಗೆಮನೆಗೆ ನುಗ್ಗಿ ನೀರಿನ ಗಡಿಗೆಯ ಮುಚ್ಚಳ ಎತ್ತುವಳು. ಯಾರಾದರೂ ಲೋಟ ಹಿಡಿದು ಕೈ ಅದ್ದಿದರೋ, ಮುಗಿಯಿತು. “ಏನವ್ವ, ಮಕ್ಕಳಿಗೆ ಬೆರಳಿನ ಸಾರು ಕುಡುಸ್ತಿದ್ದೀಯ?” ಬೀದಿಯವರೆಲ್ಲ ಸಂತೆಯಿಂದ ಉದ್ದ ಹಿಡಿಯ ಸೌಟು ತಂದು ಗಡಿಗೆಯ ಪಕ್ಕ ಮೊಳೆಗೆ ನೇತುಹಾಕಿದರು. ನನ್ನ ಸೊಸೆಯೂ ತಂದಳು. ನಾನು ಅದನ್ನು ತೆಗೆದು ಸಾರಿನ ಪಾತ್ರೆಗೆ ಹಾಕಿದೆ. ಮಾರನೇ ದಿನ ಮತ್ತೆ ಮೊಳೆಯಲ್ಲಿತ್ತು. ಮತ್ತೆ ತೆಗೆದೆ. ಮತ್ತೆ ಬಂತು. ಅತ್ತೆ-ಸೊಸೆ ಬಾಯಿ ಬಿಟ್ಟು ಒಂದು ಮಾತೂ ಆಡದೆ ಆ ಸೌಟಿನ ಮೇಲೆ ವರ್ಷಗಟ್ಟಲೆ ಜಗಳ ಆಡಿದ್ದೇವೆ.

ನಮ್ಮ ಯಜಮಾನರೂ ಕಡಿಮೆಯೇನಿಲ್ಲ. ಯಾರು ಬಂದರೂ ಜಗಲಿಯ ಮೇಲಿಂದ ಕಾಲು ಕೂಡ ತೆಗೆಯದ ಮನುಷ್ಯ, ಸ್ಕೂಟರಿನ ಸದ್ದು ಕೇಳಿದರೆ ಪೇಪರು ಮಡಿಸಿ ಎದ್ದು ನಿಂತು “ಬನ್ನಿ ನರ್ಸಮ್ಮ, ಬನ್ನಿ” ಅನ್ನುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷವಾಯಿತು, ನನಗಾಗಿ ಒಂದು ದಿನ ಎದ್ದು ನಿಂತಿದ್ದಾರೆಯೇ? ಬಿ.ಪಿ. ನೋಡಿಸಿಕೊಳ್ಳುವ ನೆಪ ಬೇರೆ. ಆಕೆ ಪಟ್ಟಿ ಸುತ್ತುವಾಗ ತೋಳು ಚಾಚಿ ಮದುವೆ ಗಂಡಿನ ಹಾಗೆ ಕೂರುವರು.

ಒಮ್ಮೆ ಹೆಂಗಸರನ್ನೆಲ್ಲ ಸೇರಿಸಿ ಮುತ್ತತ್ತಿಗೆ ಕರೆದುಕೊಂಡು ಹೊರಟಳು. ನನ್ನನ್ನೂ ಕರೆದಳು. ಹೋಗಬಾರದು ಅಂದುಕೊಂಡೆ, ಆದರೆ ಬೀದಿಗೆ ಬೀದಿಯೇ ಹೊರಟಾಗ ನಾನೊಬ್ಬಳು ಮನೆಯಲ್ಲಿ ಕೂತು ಯಾರನ್ನು ನೋಡಲಿ? ಹೋದೆ. ಹೊಳೆಯಲ್ಲಿ ಆಕೆ ಮಕ್ಕಳಿಗಿಂತ ಕಡೆಯಾಗಿ ಆಡಿದಳು, ಮುಳುಗಿದ್ದೇನು, ಎಲ್ಲರ ಮೇಲೆ ನೀರೆರಚಿದ್ದೇನು. ಆಮೇಲೆ ನಮ್ಮವರು ತೀರ್ಥ ಅಂತ ಬಾಟಲಿಗೆ ಹೊಳೆ ನೀರು ತುಂಬುತ್ತಿದ್ದರೆ ಒದ್ದೆ ಸೀರೆಯಲ್ಲೇ ಅಡ್ಡ ನಿಂತಳು. “ಸ್ವಾಮಿ ಆಂಜನೇಯ, ನಿನ್ ತೀರ್ಥ ತಲೆ ಮ್ಯಾಲೆ ಆಕ್ಕೋತೀವಿ. ಒಟ್ಟೆ ಒಳಕ್ ಬ್ಯಾಡ ಕಣಪ್ಪ, ಮೇಲ್ಗಡೆ ಜನ ತಟ್ಟೆ ತೊಳೀತಾವ್ರೆ” ಅಂತ ಗುಡಿಯ ಕಡೆ ಕೈಮುಗಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಗಬೇಕಾಯಿತು, ಮುಖ ಆ ಕಡೆ ತಿರುಗಿಸಿ. ನಾನು ಅಷ್ಟು ಓದಿದ್ದರೂ ನನ್ನ ಮಾತಿಗೆ ಹೆಂಗಸರು ಯಾವತ್ತೂ ಹಾಗೆ ನಕ್ಕಿರಲಿಲ್ಲ.

ಸೊಸೆಗೆ ಹೆರಿಗೆ ನೋವು ಬಂದಾಗ ಆಂಬುಲೆನ್ಸು ಕರೆಸಿ ಮಳವಳ್ಳಿ ಆಸ್ಪತ್ರೆಗೆ ಕರೆದುಕೊಂಡು ಹೋದವಳು ಆಕೆಯೇ. ಅಲ್ಲಿ ಸೊಸೆ ನನ್ನ ಕೈ ಬಿಡಿಸಿಕೊಂಡು ಆಕೆಯ ಕೈ ಹಿಡಿದುಕೊಂಡಳು. ಮೊಮ್ಮಗಳು ಹುಟ್ಟಿ, ಗಂಗೆಪೂಜೆಯ ದಿನ ಬಾವಿಕಟ್ಟೆಯ ಮೇಲೆ ನಿಂತು ಸೊಸೆ ಕೇಳಿದಳು, “ಅತ್ತೆ, ಮೊದಲ್ನೇ ತಾಂಬೂಲ ನರ್ಸಮ್ಮಂಗೆ ಕೊಡ್ಲಾ?” ನಾನು ಬಾಯಿ ತೆರೆಯುವ ಮೊದಲೇ ಆಕೆ, “ಏಯ್, ನಿಮ್ಮತ್ತೆ ಬಾವಿ ಇದು, ಅವ್ರಿಗೆ ಕೊಡು” ಅಂದಳು. ಕೊಡಿಸಿದಳು! ನನ್ನ ವೀಳ್ಯದೆಲೆಯನ್ನು ನನಗೆ ಕೊಡಿಸಲು ಇವಳ್ಯಾರು? ಆ ತಾಂಬೂಲ ಹಾಕಿಕೊಂಡರೆ ಬಾಯಿ ಕೆಂಪಾಗಲಿಲ್ಲ ನನಗೆ.

ಆಮೇಲೆ ಊರಿಗೆ ಶುದ್ಧ ನೀರಿನ ಘಟಕ ಬಂತು. ನಾವು ಅದನ್ನು ಫಿಲ್ಟರು ಅನ್ನುತ್ತೇವೆ. ಕಾಸು ಹಾಕಿದರೆ ಕ್ಯಾನು ತುಂಬುತ್ತದೆ. ಆಕೆ ಮನೆಮನೆಗೂ ಹೋಗಿ ಹೇಳಿದಳು, ಕುಡಿಯುವುದಕ್ಕೆ ಫಿಲ್ಟರು ನೀರೇ, ಬಾವಿ ನೀರು ಬಟ್ಟೆಗೆ, ಪಾತ್ರೆಗೆ. ನಮ್ಮ ಕಟ್ಟೆ ಬರಿದಾಯಿತು. ಬೆಳಗ್ಗೆ ಎದ್ದು ರಂಗೋಲಿ ಹಾಕಿ ಕಾದರೆ ಒಂದು ಬಳೆಯ ಸದ್ದಿಲ್ಲ. ಹೆಂಗಸರೆಲ್ಲ ಫಿಲ್ಟರಿನ ಮುಂದೆ ಕ್ಯಾನು ಸಾಲಿಟ್ಟುಕೊಂಡು ನಗುತ್ತಿದ್ದ ಸದ್ದು ಮಾತ್ರ ಗಾಳಿಗೆ ಬರುತ್ತಿತ್ತು. ಊರಿನ ಸುದ್ದಿ ಈಗ ನನಗೆ ಕೊನೆಗೆ ಸಿಗುತ್ತಿತ್ತು, ಅದೂ ಸೊಸೆಯ ಬಾಯಿಂದ, ಅದೂ ಅವಳಿಗೆ ಮನಸ್ಸಿದ್ದರೆ.

ಆದರೆ ಫಿಲ್ಟರು ನೀರು ಸಪ್ಪೆ. ನಮ್ಮ ಬಾವಿಯ ಸಿಹಿ ಕಂಡ ನಾಲಿಗೆಗೆ ಅದು ಹಿಡಿಸಲಿಲ್ಲ. ದಾರಿ ಹುಡುಕಿದವಳು ಮೂಲೆಮನೆ ಅಜ್ಜಿ, ನಮ್ಮತ್ತೆಯ ವಾರಿಗೆಯವಳು. ಒಂದು ದಿನ ಚಿಕ್ಕ ಚೊಂಬು ಹಿಡಿದು ಬಂದಳು. “ಹಾಲಿಗೆ ಎಪ್ಪು ಆಕಲ್ವಾ ಮಗ? ಅಂಗೆ ಕ್ಯಾನಿಗೊಂದು ಚೊಂಬು ನಿಮ್ ಬಾವಿ ನೀರು ಆಕಿದ್ರೆ ಪೂರಾ ಕ್ಯಾನು ರುಚಿ ಬತ್ತದೆ ಕಣವ್ವ.”

ಅಜ್ಜಿಯ ಮಾತು ಬೀದಿಯಿಂದ ಬೀದಿಗೆ ಹೋಯಿತು. ದಿನಾ ಬೆಳಗ್ಗೆ ಹೆಂಗಸರು ಚೊಂಬು ಹಿಡಿದು ಬರತೊಡಗಿದರು, ಹೆಪ್ಪಿಗೆ. ನನಗಾದ ಖುಷಿ ಏನು ಹೇಳಲಿ! ಕಟ್ಟೆಯ ಪಕ್ಕ ನಿಂತು, ಬಿಂದಿಗೆಯಿಂದ ಒಬ್ಬೊಬ್ಬರ ಚೊಂಬಿಗೂ ದೇವಸ್ಥಾನದ ತೀರ್ಥದ ಹಾಗೆ ಹುಯ್ಯುತ್ತಿದ್ದೆ. ಫಿಲ್ಟರಿಗೆ ಮಿಷನ್ನು ಇರಬಹುದು, ರುಚಿ ಮಾತ್ರ ನಮ್ಮದು. ನರ್ಸಮ್ಮನಿಗೆ ಯಾರೂ ಹೇಳಲಿಲ್ಲ. ಹೇಳಿದರೆ ಬೈಯುತ್ತಾಳೆ ಅಂತ ಎಲ್ಲರಿಗೂ ಗೊತ್ತಿತ್ತು. ಆಕೆ ಬಂದು ಕೇಳಿದರೆ, “ಫಿಲ್ಟರು ನೀರೇ ಕುಡಿಯೋದು ಕಣವ್ವ” ಅನ್ನುವರು. ಸುಳ್ಳೂ ಅಲ್ಲ.

ಆ ವರ್ಷ ನಾಲೆಗೆ ನೀರು ಬಿಟ್ಟರು, ಜೊತೆಗೆ ಮಳೆಯೂ ಹಿಡಿಯಿತು. ಬಾವಿ ಕಟ್ಟೆಮಟ್ಟಕ್ಕೆ ಬಂತು. ಅದರ ಹಿಂದೆಯೇ ವಾಂತಿ-ಭೇದಿ ಬಂತು. ಒಂದು ಮನೆ, ಎರಡು ಮನೆ, ಆಮೇಲೆ ಬೀದಿಯೆಲ್ಲ. ಮೂಲೆಮನೆ ಅಜ್ಜಿಯನ್ನು ಮಳವಳ್ಳಿಗೆ ಹೊತ್ತುಕೊಂಡು ಹೋಗಿ ಗ್ಲೂಕೋಸು ಹಾಕಿಸಿದರು. ಎಲ್ಲರೂ ಫಿಲ್ಟರು ನೀರು ಕುಡಿಯುತ್ತಿದ್ದಾರೆ, ಆದರೂ ಹೀಗೇಕೆ ಅಂತ ನರ್ಸಮ್ಮನ ತಲೆ ಕೆಟ್ಟುಹೋಗಿತ್ತು. ನಮ್ಮ ಮನೆಯಲ್ಲಿ ಮಾತ್ರ ಯಾರಿಗೂ ಏನೂ ಆಗಲಿಲ್ಲ. “ನಾವು ಬರೀ ಬಾವಿ ನೀರೇ ಕುಡಿಯೋದು, ನೋಡಿ ಎಂಗಿದ್ದೀವಿ” ಅಂತ ನಾನು ಬೀದಿಯಲ್ಲಿ ಎದೆ ಸೆಟೆಸಿಕೊಂಡು ಓಡಾಡಿದೆ. ಆಮೇಲೆ ಗೊತ್ತಾಯಿತು, ಸೊಸೆ ನಾನು ಏಳುವ ಮೊದಲೇ ಎದ್ದು ಹಂಡೆಗಟ್ಟಲೆ ನೀರು ಕಾಯಿಸಿ, ಆರಿಸಿ, ಗಡಿಗೆಗೆ ತುಂಬಿಡುತ್ತಿದ್ದಳು. ಎಷ್ಟೋ ಕಾಲದಿಂದ ನಾನು ಕಾಯಿಸಿದ ನೀರನ್ನೇ ಕುಡಿದು ಬಾವಿಯ ರುಚಿಯನ್ನು ಹೊಗಳಿದ್ದೆ!

ಹೆಪ್ಪಿನ ಗುಟ್ಟು ಒಡೆದದ್ದು ಆಸ್ಪತ್ರೆಯಲ್ಲಿ. ಹಾಸಿಗೆಯ ಮೇಲೆ ಮಲಗಿದ್ದ ಅಜ್ಜಿ ನರ್ಸಮ್ಮನನ್ನು ಹತ್ತಿರ ಕರೆದು, “ಈ ಸಪ್ಪೆ ನೀರು ಇಳೀತಿಲ್ಲ ಕಣ್ ಮಗ, ದೊಡ್ಡಮನೆ ಬಾವಿದು ಒಂದ್ ಚೊಂಬು ಎಪ್ಪು ತರ್ಸು” ಅಂದಳಂತೆ. ಆಕೆ ಅಲ್ಲಿಂದ ಸೀದಾ ನಮ್ಮ ಬಾವಿಯ ಮುಂದೆ ಬಂದು ಸ್ಕೂಟರು ನಿಲ್ಲಿಸಿದಳು. ಮುಖ ಕೆಂಡವಾಗಿತ್ತು.

“ಏನಕ್ಕಾ ಇದು? ಊರ್ಗೆಲ್ಲ ಎಪ್ಪು ಅಂಚ್ತಾ ಇದ್ದೀರಂತೆ?”

“ಕೇಳ್ಕೊಂಡು ಬತ್ತಾರೆ, ಕೊಡ್ತೀನಿ. ನಮ್ಮತ್ತೆ ಕಾಲ್ದಿಂದ ಕೊಟ್ಕೊಂಡು ಬಂದಿರೋ ನೀರು. ಇದ ಕುಡಿದು ಯಾರೂ ಸತ್ತಿಲ್ಲ.”

“ನಿಮ್ಮತ್ತೆ ಕಾಲ್ದಲ್ಲಿ ಬೀದೀಲಿ ಕಕ್ಕಸಿನ ಗುಂಡಿ ಇದ್ವಾ? ಈಗ ಒಂದೊಂದ್ ಇತ್ಲಲ್ಲೂ ಒಂದೊಂದ್ ಗುಂಡಿ. ನಾಲೆ ನೀರು ಬಂದ್ರೆ ಬಾವಿ ಮ್ಯಾಕೆ ಬತ್ತದೆ ಅಂತ ಕುಸಿ ಪಡ್ತೀಯಲ್ಲ, ಗುಂಡಿ ನೀರೂ ಜೊತೇಲೇ ಬತ್ತದೆ. ಭೂಮಿ ಒಳಗೆ ಯಾರ್ ಗೋಡೆ ಕಟ್ಟವ್ರೆ?”

ಅಷ್ಟು ಹೊತ್ತಿಗೆ ಆಕೆ ಏಕವಚನಕ್ಕೆ ಇಳಿದಿದ್ದಳು. ನಾನೂ ಇಳಿದೆ. “ನಿಂಗೆ ನಮ್ ಬಾವಿ ಕಂಡ್ರೆ ಒಟ್ಟೆಉರಿ ಕಣೇ! ಬಂದ್ ದಿನದಿಂದ ನೋಡ್ತಾ ಇವ್ನಿ!” ಅಂದೆ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಯಾರ ಹೊಟ್ಟೆಯಲ್ಲಿ ಉರಿ ಅಂತ ಅವರಿಗೆಲ್ಲ ಗೊತ್ತಿತ್ತು, ಯಾರೂ ನಗಲಿಲ್ಲ, ಪುಣ್ಯ.

ಆಕೆ ಬ್ಯಾಗಿನಿಂದ ಬೆರಳುದ್ದದ ಬಾಟಲಿಗಳನ್ನು ತೆಗೆದಳು. ಒಳಗೆ ಏನೋ ಔಷಧಿ ಹಚ್ಚಿರುತ್ತಾರೆ. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಇಟ್ಟರೆ, ಹೊಲಸು ಸೇರಿದ ನೀರು ಕಪ್ಪಾಗುತ್ತದೆ. ಒಂದಕ್ಕೆ ನಮ್ಮ ಬಾವಿಯದು, ಇನ್ನೊಂದಕ್ಕೆ ನಲ್ಲಿಯಿಂದಲೇ ತರಿಸಿದ ಫಿಲ್ಟರಿನದು ತುಂಬಿದಳು. ತೆಗೆದುಕೊಂಡು ಹೊರಟವಳನ್ನು ನಾನು ತಡೆದೆ.

“ಬಾಟ್ಲು ಇಲ್ಲೇ ಇರ್ಲಿ. ನೀನು ಓಗಿ ಇದಕ್ಕೆ ಇದ್ಲು ಪುಡಿ ಕಲಸ್ಕೊಂಡು ಬಂದ್ರೆ ಯಾರ್ ಕಂಡ್ರು? ನಮ್ ದೇವ್ರ ಮನೇಲಿ ಇಡ್ತೀನಿ.”

ಇಷ್ಟು ದೊಡ್ಡ ಮಾತಿಗೆ ಬೇರೆ ಯಾರಾದರೂ ಕಣ್ಣೀರು ಹಾಕುತ್ತಿದ್ದರು. ಆಕೆ ಬಾಟಲಿಗಳನ್ನು ನನ್ನ ಕೈಗೆ ಇಟ್ಟಳು. “ದೇವ್ರ ಮುಂದೇನೇ ಇಡು. ದೀಪ ಅಚ್ಚಿಟ್ರೆ ಬೆಚ್ಚಗೂ ಇರ್ತದೆ. ನಾಳಿದ್ದು ಬೆಳಗ್ಗೆ ಬತ್ತೀನಿ” ಅಂದು ಹೊರಟುಹೋದಳು.

ಇಟ್ಟೆ. ಹರಕೆಯನ್ನೂ ಹೊತ್ತೆ. ಆ ರಾತ್ರಿ ಏನೂ ಆಗಲಿಲ್ಲ, ಬೆಳಗ್ಗೆಯೂ ನೀರು ನೀರಾಗಿಯೇ ಇತ್ತು. ಗೆದ್ದೆ ಅಂದುಕೊಂಡು ಹೋಳಿಗೆಗೆ ಬೇಳೆ ನೆನೆಹಾಕಿದೆ. ಸಂಜೆ ದೀಪ ಹಚ್ಚಲು ಹೋದರೆ ಬಾವಿಯ ಬಾಟಲಿ ಕಾಡಿಗೆಯ ಹಾಗೆ ಕಪ್ಪು. ಪಕ್ಕದಲ್ಲಿ ಫಿಲ್ಟರಿನದು ಹಾಗೇ ತಿಳಿಯಾಗಿತ್ತು. ಮೇಲೆ ನಮ್ಮತ್ತೆಯ ಫೋಟೋ. ನಮ್ಮ ಗಂಗಮ್ಮನಿಗೆ ಯಾರೋ ಮಸಿ ಬಳಿದ ಹಾಗೆ ಕಂಡಿತು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಯಜಮಾನರು ಬಂದು ನೋಡಿದರು. “ಸರಿ ಬುಡು. ಬೆಳಗ್ಗೆ ನರ್ಸಮ್ಮ ಬತ್ತಾರಲ್ಲ, ಜನಕ್ಕೆ ಅವ್ರೇ ಯೋಳ್ತಾರೆ” ಅಂದರು. ಆ ಮಾತಿಗೆ ನನ್ನ ಅಳು ನಿಂತಿತು. ಅವರೇ ಹೇಳುತ್ತಾರೆ! ನಮ್ಮ ಬಾವಿಯ ಮುಂದೆ ನಿಂತು, ಆ ಗಂಟಲಿನಲ್ಲಿ, ಬೀದಿಗೆಲ್ಲ ಕೇಳುವ ಹಾಗೆ! ಊರೆಲ್ಲ ಆಕೆಯನ್ನು ಹೊಗಳುವುದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಬೇಕು! ಇಲ್ಲ. ನಮ್ಮ ಬಾವಿ ಬದುಕಿದ್ದಾಗ ನಮ್ಮದು, ಸತ್ತರೂ ನಮ್ಮದು. ಸಾವಿನ ಸುದ್ದಿ ಮನೆಯವರೇ ಹೇಳಬೇಕು.

ಬೆಳಗ್ಗೆ ಬೆಳಕು ಹರಿಯುತ್ತಲೇ ತಲೆಗೆ ನೀರು ಹುಯ್ದುಕೊಂಡು, ಆರತಿ ತಟ್ಟೆಯಲ್ಲಿ ಎರಡೂ ಬಾಟಲಿ ಇಟ್ಟುಕೊಂಡು ಹೊರಟೆ. ಆಕೆಯ ಸ್ಕೂಟರಿನ ಸದ್ದು ಕೇಳುವ ಮೊದಲೇ ಮುಗಿಸಬೇಕು ಅಂತ ಓಡು ನಡಿಗೆ. ಒಂದೊಂದು ಬಾಗಿಲಲ್ಲೂ ನಿಂತು ತಟ್ಟೆ ತೋರಿಸಿದೆ. “ನೋಡವ್ವ, ಇದು ನಮ್ ಬಾವಿ ನೀರು. ನಮ್ ದೇವ್ರ ಮುಂದೇನೇ ಕಪ್ಪಾಯ್ತು. ಇನ್ಮ್ಯಾಕೆ ಒಂದು ಹನೀನೂ ಬಾಯಿಗೆ ಆಕ್ಬ್ಯಾಡಿ. ಎಪ್ಪೂ ಬ್ಯಾಡ, ಏನೂ ಬ್ಯಾಡ. ನಾನ್ ಯೋಳ್ತಾ ಇವ್ನಿ.” ಕೆಲವರು ಬಾ ಒಳಗೆ ಅಂದರು. ಒಬ್ಬಳು, ನನ್ನ ವಯಸ್ಸಿನವಳು, ತಟ್ಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಅತ್ತಳು. ಯಾರೂ ಎದುರು ಮಾತಾಡಲಿಲ್ಲ. ಮನೆಗೆ ಬಂದು ರಾಟೆ ಬಿಚ್ಚಿಸಿ, ಹಗ್ಗ ಸುತ್ತಿಸಿ ಅಟ್ಟಕ್ಕೆ ಹಾಕಿಸಿದೆ. ಯಜಮಾನರು ಕಬ್ಬಿಣದ ಜಾಲರಿಗೆ ಹೇಳಿಕಳಿಸಿದರು.

ನರ್ಸಮ್ಮ ಬಂದಾಗ ಬಿಸಿಲೇರಿತ್ತು. ರಾಟೆಯಿಲ್ಲದ ಬಾವಿಯನ್ನು ನೋಡಿದಳು, ನನ್ನನ್ನು ನೋಡಿದಳು. “ಎಲ್ರಿಗೂ ಯೋಳಾಯ್ತು. ನೀನು ತಡ ಕಣೇ” ಅಂದೆ. ಆಹಾ, ಎಷ್ಟು ಹಿತವಾಗಿತ್ತು ಆ ಮಾತು ಆಡುವುದಕ್ಕೆ!

“ಆಗ್ಲಿ ಬುಡು” ಅಂದು ಕಟ್ಟೆಯ ಮೇಲೆ ಕೂತಳು. ಸೀರೆಯ ಸೆರಗಲ್ಲಿ ಮುಖ ಒರೆಸಿಕೊಂಡಳು. “ಕುಡಿಯಾಕೆ ವಸಿ ನೀರ್ ಕೊಡಕ್ಕ.”

ಬೆಲ್ಲ, ನೀರು ತಂದೆ. ಚೊಂಬಿನೊಳಗೆ ಇಣುಕಿ, “ಕಾಯ್ಸಿದ್ಯಾ?” ಅಂದಳು.

“ಕಾಯ್ಸಿದ್ದೇ ಕಣೇ, ಕುಡಿ.”

ಗಟಗಟ ಕುಡಿದು ಚೊಂಬು ಬೋರಲು ಹಾಕಿದಳು. ಅಲ್ಲಿಂದ ಮುಂದೆ ಬಂದಾಗಲೆಲ್ಲ ಅದೇ ಆಟ. ಗೊತ್ತಿದ್ದೂ ಇಣುಕುವಳು, ಗೊತ್ತಿದ್ದೂ ಕೇಳುವಳು. “ಇಲ್ಲ, ನಿಂಗೇ ಅಂತ ಬಾವಿಗಿಳಿದು ತಂದಿವ್ನಿ” ಅಂತ ನಾನು ಮುಖ ತಿರುಗಿಸುವೆ. ಏಕವಚನಕ್ಕೆ ಇಳಿದವರು ಮತ್ತೆ ಮೇಲಕ್ಕೆ ಹತ್ತಲಿಲ್ಲ.

ಹಾಗಂತ ಉರಿ ಆರಿತು ಅಂದುಕೊಳ್ಳಬೇಡಿ. ಗಂಗೆಪೂಜೆಗೆ ಏನು ಮಾಡುವುದು ಅಂತ ಹೆಂಗಸರು ಕೇಳಿದಾಗ ಫಿಲ್ಟರಿನ ನಲ್ಲಿಗೇ ಅರಿಸಿನ ಕುಂಕುಮ ಇಡಿ ಅಂದವಳು ಆಕೆ. ಈಗಲೂ ಅಲ್ಲೇ ನಡೆಯುತ್ತದೆ, ನನಗೆ ಹೇಳಿ ಕಳಿಸುತ್ತಾರೆ, ಮೊದಲ ತಾಂಬೂಲ ಈಗಲೂ ನನಗೇ. ಆದರೆ ಎಲೆ ಕೊಡುವವರ ಕಣ್ಣು ಆಕೆಯನ್ನು ಹುಡುಕುವುದು ನನಗೆ ಕಾಣುತ್ತಿರಲಿಲ್ಲವೇ? ಆಕೆಯ ನಿವೃತ್ತಿಯ ದಿನ ಶಾಲೆಯ ಅಂಗಳದಲ್ಲಿ ಶಾಲು, ಹಾರ ಎಲ್ಲ ಆಯಿತು. ಆಕೆ ಮೈಕು ಹಿಡಿದು, “ಈ ಊರ ಒಟ್ಟೆ ಕಾಪಾಡ್ದೋಳು ನಾನಲ್ಲ. ಅಗೋ ಅಲ್ಲಿ ಮೂತಿ ಸೊಟ್ಟ ಮಾಡ್ಕೊಂಡು ಕೂತವ್ಳಲ್ಲ, ಆ ನಮ್ಮಕ್ಕ” ಅಂದಳು. ಎಲ್ಲರೂ ತಿರುಗಿ ನನ್ನನ್ನು ನೋಡಿದರು, ಚಪ್ಪಾಳೆ ಹೊಡೆದರು. ಹೊಗಳಿಕೆಯೂ ಆಕೆಯ ಕೈಯಿಂದಲೇ ಬರಬೇಕಿತ್ತೆ ನನಗೆ? ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

ಇಷ್ಟಾದರೂ ಒಂದು ಸಮಾಧಾನ ನನಗಿತ್ತು. ಆ ಬೆಳಗ್ಗೆ ಆಕೆಗಿಂತ ಮೊದಲು ಹೋದವಳು ನಾನು. ಆ ಒಂದು ಸಲ ಗೆದ್ದವಳು ನಾನು. ಫೋಟೋ ವಿಷಯಕ್ಕೆ ಮೊನ್ನೆ ಸೊಸೆಯ ಮುಂದೆ ಇದನ್ನೇ ಆಡಿದೆ. “ಬಾವಿ ನಿಲ್ಸಿದ್ದು ನಾನು. ಆ ಕಟ್ಟೆ ಮ್ಯಾಲೆ ಅವಳ ಫೋಟೋ ಯಾಕೆ?”

ಸೊಸೆ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು.

“ಅತ್ತೆ, ಯೋಳ್ಬಾರ್ದು ಅಂತ ಆಣೆ ಆಕಿಸ್ಕೊಂಡಿದ್ರು. ಈಗ ಅವ್ರೇ ಇಲ್ಲ. ನೀವು ಬಾಟ್ಲು ನೋಡಿ ಅಳ್ತಾ ಕೂತಿದ್ರಲ್ಲ, ಆಗ ನಾನು ಅವ್ರಿಗೆ ಫೋನ್ ಮಾಡ್ದೆ. ಅವ್ರತ್ರಾನೂ ಯಾರ್ದೋ ಚೊಂಬಿಂದ ತುಂಬ್ಕೊಂಡಿದ್ದ ನಮ್ ಬಾವಿದೇ ಇನ್ನೊಂದು ಬಾಟ್ಲು ಇತ್ತಂತೆ, ಅದೂ ಕಪ್ಪಾಗಿತ್ತಂತೆ. ‘ನಾಳೆ ನಾನು ಬೇಕಂತ ತಡ ಮಾಡ್ತೀನಿ ಕಣವ್ವ. ನಾನ್ ಯೋಳಿದ್ರೆ ಅರ್ಧ ಊರು ಕೇಳ್ತದೆ, ನಿಮ್ಮತ್ತೆ ಯೋಳಿದ್ರೆ ಊರಿಗೂರೇ ಕೇಳ್ತದೆ. ನೋಡ್ತಿರು, ನನಗಿಂತ ಮುಂಚೆ ಓಗ್ಲೇಬೇಕು ಅಂತ ಓಯ್ತಾರೆ’ ಅಂದ್ರು.”

ನನಗೆ ಮೊದಲು ಬಂದದ್ದು ಸಿಟ್ಟು. ಎಲಾ ಇವಳ! ಎದ್ದು ಹೋಗಿ ಬೀದಿಯಲ್ಲಿ ನಿಲ್ಲಿಸಿಕೊಂಡು ಜಗಳ ಆಡಬೇಕು ಅನ್ನಿಸಿತು. ನನ್ನ ಹೊಟ್ಟೆಕಿಚ್ಚನ್ನು ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದಳು, ಅದರಿಂದಲೇ ಊರಿನ ಕೆಲಸ ಮಾಡಿಸಿದ್ದಳು, ಗೆಲುವನ್ನು ನನ್ನ ಕೈಗಿಟ್ಟು ಏನೂ ಅರಿಯದವಳ ಹಾಗೆ ಕಟ್ಟೆಯ ಮೇಲೆ ಕೂತು ನೀರು ಕೇಳಿದ್ದಳು. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಜಗಳಕ್ಕೆ ಆಕೆಯನ್ನು ಇನ್ನೆಲ್ಲಿ ಹುಡುಕಲಿ? ಮಂಡ್ಯ ಏನು ದೂರವಿತ್ತು, ಬದುಕಿದ್ದಾಗ ಒಂದು ಸಲ ಬಸ್ಸು ಹತ್ತಲಿಲ್ಲ ನಾನು. ಕೂತಲ್ಲೇ ಕಣ್ಣಲ್ಲಿ ನೀರು ಬಂತು. ಸೊಸೆ ನೋಡಿದಳು. ನೋಡಲಿ.

ಫೋಟೋ ಕಟ್ಟೆಯ ಮೇಲೇ ಇಡಿ ಅಂದೆ. ಒಂದು ಷರತ್ತು ಹಾಕಿದೆ: ಮೊದಲನೇ ಹಾರ ನನ್ನದು. ನಾಲ್ಕು ಸಾಲು ಬರೆಯುವುದು ನನ್ನಿಂದ ಆಗಲಿಲ್ಲ. ಬರೆದದ್ದೆಲ್ಲ ಸುಳ್ಳು ಹೊಗಳಿಕೆಯ ಹಾಗೆ ಕಂಡಿತು. ಕೊನೆಗೆ ಒಂದೇ ಸಾಲು ಬರೆದುಕೊಟ್ಟೆ, “ಕುಡಿಯುವ ನೀರಿಗೆ ಬೆರಳು ಅದ್ದಬೇಡಿ.” ಹೆಂಗಸರು ಓದಿ ನಕ್ಕರು, ಆಮೇಲೆ ಅತ್ತರು. ಅದನ್ನೇ ಬರೆಸಿದರು.

ಇವತ್ತು ಬೆಳಗ್ಗೆ ಎಲ್ಲರೂ ಸೇರುವ ಮೊದಲೇ ನಾನು ಹೋದೆ. ಜಾಲರಿಯ ಮೇಲೆ ಹಲಗೆ, ಹಲಗೆಯ ಮೇಲೆ ಆಕೆ, ಕನಕಾಂಬರ ಮುಡಿದು ಹಲ್ಲು ಬಿಟ್ಟುಕೊಂಡು. ಹಾರ ಹಾಕಿದೆ. ತಟ್ಟೆಯಲ್ಲಿ ಬೆಲ್ಲದ ತುಂಡು, ಪಕ್ಕದಲ್ಲಿ ಚೊಂಬು ಇಟ್ಟೆ. ಸ್ವಲ್ಪ ಹೊತ್ತು ಕಾದೆ. ಯಾರೂ ಕೇಳಲಿಲ್ಲ.

“ಕಾಯ್ಸಿದ್ದೇ ಕಣೇ” ಅಂದೆ. “ಕುಡಿ.”